ಬೀಗದಕೈ ಯಾರ ಕೈಯಲ್ಲಿ?

(ಪಕ್ಷದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಎರಡನೆಯ ಮಹಾಯುದ್ಧದಲ್ಲಿ ಶತ್ರುಸೈನ್ಯದ ಹಿಡಿತಕ್ಕೆ ಸಿಕ್ಕ ಊರುಗಳ ಗ್ರಂಥಪಾಲರ ಮೇಲೆ ಈಚೆಗೆ ಬರುತ್ತಿರುವ ಕಾದಂಬರಿಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕೂಟದ ಗೆಳೆಯರು ಹೇಳಿದ್ದಾರೆ. ನಾನು ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಸಾಹಿತ್ಯ ವಿಮರ್ಶೆ ನನ್ನ ಕಸುಬಲ್ಲ. ಕಾದಂಬರಿಯ ಶೈಲಿ, ಪಾತ್ರರಚನೆ ಮುಂತಾದುವನ್ನು ಬಲ್ಲವರಿಗೆ ಬಿಟ್ಟು, ಆ ಕಥೆಗಳ ಹಿಂದೆ ನಿಜವಾಗಿ ಏನು ನಡೆಯಿತು, ಅದರಲ್ಲಿ ಕಾದಂಬರಿಗಳು ಯಾವುದನ್ನು ಎತ್ತಿಕೊಂಡಿವೆ, ಯಾವುದನ್ನು ಬಿಟ್ಟಿವೆ ಎಂಬುದನ್ನಷ್ಟೇ ತಮ್ಮ ಮುಂದೆ ಇಡುತ್ತೇನೆ.

ಸ್ಪೇನಿನ ಆಂಟೋನಿಯೊ ಇತುರ್ಬೆ ಎಂಬ ಲೇಖಕ 2012ರಲ್ಲಿ ಆಶ್ವಿಟ್ಜ್ ಸೆರೆಶಿಬಿರದ ಹುಡುಗಿಯೊಬ್ಬಳ ಮೇಲೆ ಕಾದಂಬರಿ ಬರೆದ. ಅಲ್ಲಿನ ಮಕ್ಕಳ ಕೊಠಡಿಯಲ್ಲಿ ಬೆರಳೆಣಿಕೆಯ ಪುಸ್ತಕಗಳಿದ್ದವು. ಅವನ್ನು ಕಾಯುವ ಹೊಣೆ ಆ ಹುಡುಗಿಯದು. ಅದು ನಿಜವಾಗಿ ಬಾಳಿದವಳ ಅನುಭವದ ಮೇಲೆ ನಿಂತ ಕಥೆ. ಪ್ಯಾರಿಸಿನ ಅಮೆರಿಕನ್ ಗ್ರಂಥಾಲಯದ ಸಿಬ್ಬಂದಿಯ ಮೇಲೆ ಜಾನೆಟ್ ಸ್ಕೆಸ್ಲಿಯನ್ ಚಾರ್ಲ್ಸ್ ಬರೆದ ಕಾದಂಬರಿ 2021ರಲ್ಲಿ ಅಮೆರಿಕದಲ್ಲಿ ಹೊರಬಂತು. ಇವುಗಳ ಬೆನ್ನಿಗೆ ಇಂಥವೇ ಇನ್ನೂ ಅನೇಕ ಬಂದಿವೆ. ಜನ ಆಸಕ್ತಿಯಿಂದ ಓದುತ್ತಾರೆ. ಓದಲಿ, ಒಳ್ಳೆಯದೇ.

ಆದರೆ ಇಂಥ ಕಥೆಗಳನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವ ಚಿತ್ರ ಯಾವುದು? ಒಂದು ಕಡೆ ಪುಸ್ತಕ ಸುಡುವ ಒರಟು ಸೈನಿಕ. ಇನ್ನೊಂದು ಕಡೆ ಪುಸ್ತಕವನ್ನು ಎದೆಗವಚಿಕೊಂಡ ಸಾಧು ಗ್ರಂಥಪಾಲೆ. ಪುಸ್ತಕ ಓದಿದವರು ಒಳ್ಳೆಯವರು, ಓದದವರು ಕೆಟ್ಟವರು. ಈ ಚಿತ್ರ ನೋಡಲು ಚೆನ್ನಾಗಿದೆ, ಓದಿದವರಾದ ನಮಗೆ ಹಿತವಾಗಿಯೂ ಇದೆ. ಆದರೆ ಇದು ನಿಜವಲ್ಲ.

1933ರ ಮೇ 10ರಂದು ಬರ್ಲಿನಿನಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದು ಎಲ್ಲರಿಗೂ ಗೊತ್ತು. ಸುಟ್ಟವರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಮುಂದಾಳುಗಳಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕಿಂತಲೂ ಕಡಿಮೆ ನೆನೆಯುವ ಸಂಗತಿ ಇನ್ನೊಂದಿದೆ. ಯುದ್ಧ ಶುರುವಾದ ಮೇಲೆ ನಾಜಿಗಳು ಪುಸ್ತಕ ಸುಡುವುದಕ್ಕಿಂತ ಹೆಚ್ಚಾಗಿ ಪುಸ್ತಕ ಕೂಡಿಹಾಕಿದರು. ಆಲ್ಫ್ರೆಡ್ ರೋಸೆನ್‌ಬರ್ಗ್ ಎಂಬ ನಾಜಿ ಮುಖಂಡನ ಹೆಸರಿನಲ್ಲಿ ಅದಕ್ಕಾಗಿಯೇ ಒಂದು ಇಲಾಖೆ ಇತ್ತು. ಗೆದ್ದ ದೇಶಗಳ ಗ್ರಂಥಾಲಯಗಳನ್ನು ಬಾಚಿ ಜರ್ಮನಿಗೆ ಸಾಗಿಸುವುದು ಅದರ ಕೆಲಸ. ಯೆಹೂದ್ಯರ ಪುಸ್ತಕಗಳಿಗೆಂದು ಫ್ರಾಂಕ್‌ಫರ್ಟ್ ನಗರದಲ್ಲಿ 1941ರಲ್ಲಿ ಒಂದು ಸಂಶೋಧನಾ ಸಂಸ್ಥೆಯನ್ನೇ ತೆರೆದರು. ಒಂದು ಜನಾಂಗವನ್ನು ಕೊಂದು, ಅದರ ಪುಸ್ತಕಗಳನ್ನು ಇಟ್ಟುಕೊಂಡು, ಆ ಜನಾಂಗದ ಚರಿತ್ರೆಯನ್ನು ಕೊಂದವರೇ ಬರೆಯುವುದು ಅದರ ಉದ್ದೇಶ.

ಈ ಕೊಳ್ಳೆಗೆ ಬಂದವನು ಯಾರು? ಯೋಹಾನೆಸ್ ಪೋಲ್ ಎಂಬವನು. ಹಿಂದೆ ಪಾದ್ರಿಯಾಗಿದ್ದವನು, ಜೆರೂಸಲೇಮಿನಲ್ಲಿ ಓದಿದವನು, ಹೀಬ್ರೂ ಬಲ್ಲವನು. ಬರ್ಲಿನಿನ ದೊಡ್ಡ ಸರ್ಕಾರಿ ಗ್ರಂಥಾಲಯದಲ್ಲಿ ಹೀಬ್ರೂ ಪುಸ್ತಕಗಳ ಮೇಲ್ವಿಚಾರಕ. ಎಂದರೆ ಅವನೂ ಗ್ರಂಥಪಾಲನೇ! ಯಾವ ಪುಸ್ತಕ ಅಪರೂಪದ್ದು, ಯಾವುದಕ್ಕೆ ಎಷ್ಟು ಬೆಲೆ ಎಂಬುದು ಒರಟು ಸೈನಿಕನಿಗೆ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಿತ್ತು.

ಆದ್ದರಿಂದ ಪುಸ್ತಕಜ್ಞಾನ ತಾನಾಗಿಯೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಗ್ರಂಥಾಲಯದ ಬೀಗದಕೈ ಯಾರ ಕೈಯಲ್ಲಿದೆ, ಅವರು ಬಾಗಿಲು ತೆರೆಯುವುದು ಯಾರಿಗಾಗಿ ಎಂಬುದೇ ಮುಖ್ಯ. ಈ ಮಾತಿಗೆ ವಿಲ್ನಾ ನಗರದ ಚರಿತ್ರೆಗಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ.

ವಿಲ್ನಾ ಎಂದರೆ ಈಗಿನ ಲಿಥುವೇನಿಯಾ ದೇಶದ ರಾಜಧಾನಿ ವಿಲ್ನಿಯಸ್. ಯುದ್ಧಕ್ಕೆ ಮುಂಚೆ ಅದು ಪೋಲೆಂಡಿಗೆ ಸೇರಿತ್ತು. ಅಲ್ಲಿನ ಯೆಹೂದ್ಯರು ಆಡುತ್ತಿದ್ದ ಭಾಷೆ ಯಿಡ್ಡಿಷ್. ದರ್ಜಿಗಳು, ಚಮ್ಮಾರರು, ಬೀದಿ ವ್ಯಾಪಾರಿಗಳು ಮನೆಯಲ್ಲೂ ಸಂತೆಯಲ್ಲೂ ಆಡುವ ಮಾತು. ಪಂಡಿತರು ಬಹುಕಾಲ ಅದನ್ನು ಕೀಳಾಗಿ ಕಂಡರು. ಆ ಭಾಷೆಗೂ ಚರಿತ್ರೆ ಇದೆ, ಆ ಜನರ ಹಾಡು, ಗಾದೆ, ಕಾಗದಪತ್ರಗಳೂ ಕಾಪಾಡತಕ್ಕವು ಎಂದು 1925ರಲ್ಲಿ ಯೀವೋ ಎಂಬ ಸಂಸ್ಥೆ ಹುಟ್ಟಿತು. ಅದರ ಮನೆ ವಿಲ್ನಾದಲ್ಲಿ. ಯೆಹೂದ್ಯ ಕಾರ್ಮಿಕರ ಸಮಾಜವಾದಿ ಪಕ್ಷವಾದ ಬುಂಡ್ ಕೂಡ ಹುಟ್ಟಿದ್ದು ಅದೇ ಊರಿನಲ್ಲಿ, 1897ರಲ್ಲಿ.

ಆ ಪಕ್ಷದ ಕಾರ್ಯಕರ್ತರಲ್ಲಿ ಒಬ್ಬರು ಹರ್ಮನ್ ಕ್ರುಕ್. ಪಕ್ಷ ಹುಟ್ಟಿದ ವರ್ಷವೇ ಅವರೂ ಹುಟ್ಟಿದರು. ವಾರ್ಸಾದಲ್ಲಿ ಕಾರ್ಮಿಕರಿಗಾಗಿ ಪಕ್ಷ ನಡೆಸುತ್ತಿದ್ದ ಗ್ರಂಥಾಲಯದ ಮುಖ್ಯಸ್ಥರಾಗಿದ್ದರು. 1939ರಲ್ಲಿ ಜರ್ಮನರು ಪೋಲೆಂಡಿನ ಮೇಲೆ ಬಿದ್ದಾಗ ನಿರಾಶ್ರಿತರಾಗಿ ವಿಲ್ನಾಕ್ಕೆ ಬಂದರು. 1941ರ ಜೂನ್ 24ರಂದು ಜರ್ಮನ್ ಸೈನ್ಯ ವಿಲ್ನಾಕ್ಕೂ ನುಗ್ಗಿತು. ಮತ್ತೆ ಓಡುವುದು ಬೇಡ, ಇಲ್ಲೇ ಇದ್ದು ಕಂಡದ್ದನ್ನೆಲ್ಲ ಬರೆದಿಡುತ್ತೇನೆ ಎಂದು ಕ್ರುಕ್ ನಿಶ್ಚಯಿಸಿದರು. ಅಂದಿನಿಂದ ಅವರ ದಿನಚರಿ ನಿಲ್ಲಲಿಲ್ಲ.

ಸೆಪ್ಟೆಂಬರ್ 6ರಂದು ಯೆಹೂದ್ಯರನ್ನೆಲ್ಲ ಮನೆಗಳಿಂದ ಎಬ್ಬಿಸಿ ಕೆಲವೇ ಬೀದಿಗಳ ಕೇರಿಯೊಳಗೆ ದೂಡಿ ಬಾಗಿಲು ಹಾಕಿದರು. ಇದೇ ಘೆಟ್ಟೊ. ಊರ ಹೊರಗೆ ಪೊನಾರಿ ಎಂಬ ಕಾಡು. ಕೇರಿಯಿಂದ ಜನರನ್ನು ಗುಂಪುಗುಂಪಾಗಿ ಅಲ್ಲಿಗೆ ಒಯ್ದು ಗುಂಡಿಕ್ಕಿ ಕೊಲ್ಲುತ್ತಿದ್ದರು. ಆ ವರ್ಷ ಮುಗಿಯುವುದರೊಳಗೆ ಊರಿನ ಯೆಹೂದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹತರಾದರು.

ಇಂಥ ಕಡೆ, ಕೇರಿಯ ಬಾಗಿಲು ಹಾಕಿದ ಒಂದೆರಡು ದಿನಗಳಲ್ಲೇ, ಸ್ಟ್ರಾಶುನ್ ಬೀದಿಯ 6ನೇ ನಂಬರಿನ ಮನೆಯಲ್ಲಿ ಕ್ರುಕ್ ಗ್ರಂಥಾಲಯ ತೆರೆದರು. ಅಲ್ಲಿ ಹಿಂದೆಯೇ ಒಂದು ಪುಸ್ತಕ ಭಂಡಾರವಿತ್ತು. ಕೊಲ್ಲಲ್ಪಟ್ಟವರ ಬರಿದಾದ ಮನೆಗಳಿಂದಲೂ ಪುಸ್ತಕಗಳನ್ನು ಆಯ್ದು ತಂದರು. ಪಟ್ಟಿ ಮಾಡಿದರು. ಓದುಗರ ಹೆಸರು ದಾಖಲು ಮಾಡಿದರು. ಪುಸ್ತಕವನ್ನು ಕೊಳೆ ಮಾಡಬೇಡಿ, ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿ ಎಂದು ಗೋಡೆಯ ಮೇಲೆ ಬರೆದು ಹಾಕಿದರು. ಸಾವಿನ ಬಾಯಲ್ಲಿ ಕೂತವರಿಗೆ ಇದೇನು ಹುಚ್ಚು ಎಂದು ತಮಗೆ ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ಹೊರಗಿನವನು ಈ ಜನರನ್ನು ಮನುಷ್ಯರೆಂದು ಎಣಿಸುವುದನ್ನೇ ಬಿಟ್ಟಿದ್ದ. ಇಲ್ಲಿ ಒಬ್ಬ ಮನುಷ್ಯ ಮೇಜಿನ ಹಿಂದೆ ಕೂತು, ನಿನ್ನ ಹೆಸರೇನು, ನಿನಗೆ ಯಾವ ಪುಸ್ತಕ ಬೇಕು, ಹೊತ್ತಿಗೆ ಸರಿಯಾಗಿ ನೀನು ತಿರುಗಿ ತಂದುಕೊಡಬೇಕು ಎನ್ನುತ್ತಿದ್ದ. ಆ ಹೊತ್ತಿಗೂ ನೀನು ಬದುಕಿರುತ್ತೀ ಎಂಬ ನಂಬಿಕೆ ಆ ಮಾತಿನಲ್ಲಿತ್ತು.

ಜನ ಬಂದರು. 1942ರ ಡಿಸೆಂಬರ್ 13ರಂದು ಆ ಗ್ರಂಥಾಲಯ 1,00,000ನೆಯ ಪುಸ್ತಕ ಎರವಲು ಕೊಟ್ಟ ಸಂಭ್ರಮವನ್ನು ಆಚರಿಸಿತು.

ಅವರು ಏನು ಓದಿದರು? ಕ್ರುಕ್ ಅದನ್ನೂ ಲೆಕ್ಕವಿಟ್ಟರು, ಮತ್ತು ಮುಚ್ಚುಮರೆ ಮಾಡಲಿಲ್ಲ. ಹೆಚ್ಚಿನ ಜನ ಒಯ್ದದ್ದು ಹಗುರಾದ ಕಥೆ ಕಾದಂಬರಿಗಳನ್ನು. ಓದು ಒಂದು ಅಮಲಾಗಿದೆ, ಇದ್ದದ್ದನ್ನು ಮರೆಯುವ ಮದ್ದಾಗಿದೆ ಎಂದು ಅವರೇ ಬರೆದುಕೊಂಡರು. ಕಾರ್ಮಿಕರನ್ನು ಎಚ್ಚರಿಸಲೆಂದು ಗ್ರಂಥಾಲಯ ನಡೆಸಿ ಬಂದವರಿಗೆ ಇದು ಸಣ್ಣ ವ್ಯಥೆಯಲ್ಲ. ಆದರೂ ಅವರು ಆ ಕಾದಂಬರಿಗಳನ್ನು ಕೊಡದೆ ಇರಲಿಲ್ಲ. ಇದನ್ನು ನಾವು ಗಮನಿಸಬೇಕು. ಜನರಿಗೆ ಏನು ಬೇಕು ಎಂಬುದನ್ನು ತಾನೇ ತೀರ್ಮಾನಿಸಿ ಬಾಗಿಲು ಹಾಕುವವನು ಎಷ್ಟೇ ದೊಡ್ಡ ತತ್ವ ಹೇಳಿದರೂ ಗ್ರಂಥಪಾಲನಲ್ಲ, ಕಾವಲುಗಾರ.

ಆ ಓದುಗರಲ್ಲೇ ಇನ್ನೊಂದು ಗುಂಪು ಕೇಳಿ ಕೇಳಿ ಒಯ್ಯುತ್ತಿದ್ದದ್ದು ಚಾರಿತ್ರಿಕ ಕಾದಂಬರಿಗಳನ್ನು. ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ಗೆ ಬೇಡಿಕೆ ಇತ್ತು. ನೆಪೋಲಿಯನ್ ರಷ್ಯದಲ್ಲಿ ಹೇಗೆ ಸೋತ ಎಂಬುದು ಅವರಿಗೆ ಹಳೆಯ ಕಥೆಯಾಗಿರಲಿಲ್ಲ, ಹಿಟ್ಲರನ ಗತಿ ಏನಾದೀತೆಂಬ ಪ್ರಶ್ನೆಯಾಗಿತ್ತು. ಫ್ರಾಂಜ್ ವೆರ್ಫೆಲ್ 1933ರಲ್ಲಿ ಪ್ರಕಟಿಸಿದ ಕಾದಂಬರಿಯೊಂದಿದೆ. 1915ರಲ್ಲಿ ತುರ್ಕಿಯ ಸರ್ಕಾರ ಅರ್ಮೇನಿಯನ್ ಜನರನ್ನು ನಿರ್ಮೂಲ ಮಾಡಹೊರಟಾಗ ಮೂಸಾದಾಗ್ ಎಂಬ ಬೆಟ್ಟವೇರಿ ಹೋರಾಡಿದ ಹಳ್ಳಿಗರ ಕಥೆ ಅದು. ಕೇರಿಯಲ್ಲಿ ಅದು ಕೈಯಿಂದ ಕೈಗೆ ಓಡಾಡಿತು. ನಮಗೂ ಒಂದು ಬೆಟ್ಟವುಂಟೆ ಎಂದು ಕೇಳಿಕೊಳ್ಳುವವರು ಅದನ್ನು ಓದಿದರು. ಅದೇ ಕೇರಿಯಲ್ಲಿ 1942ರ ಜನವರಿ 21ರಂದು ಯುವಕರು ಗುಪ್ತವಾಗಿ ಶಸ್ತ್ರಸಂಘಟನೆ ಕಟ್ಟಿದ್ದರು.

ಅಂದು ಅವರು ಬೇರೆ ಜನರ ಚರಿತ್ರೆಯನ್ನು ಕಾದಂಬರಿಯಲ್ಲಿ ಓದಿ ತಮ್ಮ ದಾರಿ ಹುಡುಕಿದರು. ಇಂದು ನಾವು ಅವರ ಚರಿತ್ರೆಯನ್ನು ಕಾದಂಬರಿಯಲ್ಲಿ ಓದುತ್ತಿದ್ದೇವೆ. ನಾವು ಹುಡುಕುವುದು ದಾರಿಯನ್ನೋ, ಅಮಲನ್ನೋ? ಈ ಪ್ರಶ್ನೆ ಮನಸ್ಸಿನಲ್ಲಿರಲಿ.

ಇನ್ನು ಪೋಲ್ ಎಂಬವನ ಕಡೆಗೆ ಬರೋಣ. 1942ರ ಆರಂಭದಲ್ಲಿ ಅವನು ವಿಲ್ನಾಕ್ಕೆ ಬಂದು ಊರಿನ ಯೆಹೂದ್ಯ ಗ್ರಂಥಗಳನ್ನೆಲ್ಲ ಯೀವೋ ಕಟ್ಟಡಕ್ಕೆ ತಂದು ಸುರಿಸಲು ಏರ್ಪಾಡು ಮಾಡಿದ. ವಿಂಗಡಿಸಲು ಓದು ಬರಹ ಬಲ್ಲ ಆಳುಗಳು ಬೇಕಾಗಿದ್ದರು. ಕೇರಿಯಿಂದ ಸುಮಾರು 40 ಮಂದಿಯನ್ನು ದಿನವೂ ಬಿಟ್ಟಿ ದುಡಿತಕ್ಕೆ ಕರೆತಂದರು. ಕ್ರುಕ್ ಇದ್ದರು. ಯೀವೋ ಸಂಸ್ಥೆಯ ವಿದ್ವಾಂಸ ಜೆಲಿಗ್ ಕಲ್ಮನೋವಿಚ್ ಇದ್ದರು. ಅವ್ರೋಮ್ ಸುಟ್ಸ್‌ಕೇವರ್, ಶ್ಮೆರ್ಕೆ ಕಾಚೆರ್ಗಿನ್ಸ್ಕಿ ಎಂಬ ಇಬ್ಬರು ಯಿಡ್ಡಿಷ್ ಕವಿಗಳಿದ್ದರು. ಕೇರಿಯ ಜನ ಇವರಿಗೆ ‘ಕಾಗದದ ದಳ’ವೆಂದು ಅಡ್ಡಹೆಸರಿಟ್ಟರು.

ಜರ್ಮನರ ಆಜ್ಞೆ ಹೀಗಿತ್ತು: ನೂರಕ್ಕೆ 30 ಭಾಗ ಪುಸ್ತಕ ಫ್ರಾಂಕ್‌ಫರ್ಟಿಗೆ, ಮಿಕ್ಕ 70 ಭಾಗ ಕಾಗದದ ಗಿರಣಿಗೆ. ಯಾವುದು ಉಳಿಯಬೇಕು, ಯಾವುದು ಅರೆದು ಹೋಗಬೇಕು ಎಂಬುದನ್ನು ಆ ಪುಸ್ತಕಗಳನ್ನು ಕೂಡಿಸಿ ಬೆಳೆಸಿದವರ ಕೈಯಿಂದಲೇ ಮಾಡಿಸಿದರು. ಗೆದ್ದವನ ಕ್ರೌರ್ಯ ಸೋತವನ ಕೈಯನ್ನೇ ಉಪಯೋಗಿಸುತ್ತದೆ.

ಆ ಕೈಗಳು ಸುಮ್ಮನಿರಲಿಲ್ಲ. ಸಂಜೆ ಕೆಲಸ ಮುಗಿಸಿ ಹೊರಡುವಾಗ ಅಂಗಿಯೊಳಗೆ, ಸೊಂಟದ ಸುತ್ತ ಪುಸ್ತಕ, ಹಸ್ತಪ್ರತಿ ಕಟ್ಟಿಕೊಂಡು ಕೇರಿಗೆ ಒಯ್ದರು. ಬಾಗಿಲಲ್ಲಿ ಕಾವಲಿನವರು ತಡಕುತ್ತಿದ್ದರು. ಸಿಕ್ಕರೆ ಏಟು, ಅಥವಾ ಪೊನಾರಿ. ಒಲೆ ಉರಿಸಲು ರದ್ದಿ ಕಾಗದ ಬೇಕೆಂದು ಸುಟ್ಸ್‌ಕೇವರ್ ಜರ್ಮನ್ ಅಧಿಕಾರಿಯಿಂದ ಚೀಟಿ ಬರೆಸಿಕೊಂಡರು. ಆ ‘ರದ್ದಿ’ಯಲ್ಲಿ ಟಾಲ್‌ಸ್ಟಾಯ್ ಬರೆದ ಕಾಗದ, ಶೋಲೆಮ್ ಅಲೈಖೆಮರ ಹಸ್ತಪ್ರತಿ ಹೊರಬಂದವು. ಕೆಲವನ್ನು ಯೀವೋ ಕಟ್ಟಡದ ಅಟ್ಟದಲ್ಲೇ ಬಚ್ಚಿಟ್ಟರು, ಕೆಲವನ್ನು ಕೇರಿಯ ನೆಲದಡಿ ಹೂತರು. ಅದೇ ಕಟ್ಟಡದ ಮೂಲಕ ಗುಪ್ತ ಸಂಘಟನೆಗೆ ಬಂದೂಕುಗಳೂ ಸಾಗಿದವು.

ಇಲ್ಲಿ ಒಂದು ಭಿನ್ನಾಭಿಪ್ರಾಯವಿತ್ತು. ಕಾದಂಬರಿಗಳು ಇಂಥದನ್ನೇ ಬಿಟ್ಟುಬಿಡುವುದು. ಕೇರಿಯಲ್ಲಿ ಅನೇಕರು, ಅಂಗಿಯೊಳಗೆ ತರುವುದಾದರೆ ಹಿಟ್ಟನ್ನೋ ಆಲೂಗಡ್ಡೆಯನ್ನೋ ತರಬಾರದೆ, ಕಾಗದಕ್ಕೆ ಪ್ರಾಣ ಕೊಡುವವರು ಹುಚ್ಚರು ಎಂದುಕೊಂಡರು. ಹಸಿದ ಮಕ್ಕಳಿದ್ದ ಮನೆಯವರ ಈ ಮಾತನ್ನು ತಳ್ಳಿಹಾಕಲು ನನಗೆ ಧೈರ್ಯವಿಲ್ಲ. ದಳದ ಒಳಗೂ ಒಮ್ಮತವಿರಲಿಲ್ಲ. ಜರ್ಮನಿಗೆ ಹೋದದ್ದಾದರೂ ಉಳಿಯುತ್ತದೆ, ಯುದ್ಧ ಮುಗಿದ ಮೇಲೆ ಹುಡುಕಿ ತರಬಹುದು, ಆದ್ದರಿಂದ ಬೆಲೆಯುಳ್ಳದ್ದನ್ನು ಅಲ್ಲಿಗೇ ಕಳುಹಿಸೋಣ ಎಂಬುದು ಕಲ್ಮನೋವಿಚರ ಪಕ್ಷ. ಕಳ್ಳನ ಮನೆಗೆ ನಮ್ಮ ಕೈಯಾರೆ ಕೊಡುವುದೇ, ಇಲ್ಲೇ ಹೂಳೋಣ ಎಂಬುದು ಕವಿಗಳ ಪಕ್ಷ. ಯಾರು ಸರಿ? ಫ್ರಾಂಕ್‌ಫರ್ಟಿಗೆ ಹೋದದ್ದರಲ್ಲಿ ಬಹುಭಾಗ ಅಮೆರಿಕನ್ ಸೈನ್ಯಕ್ಕೆ ಸಿಕ್ಕಿ, 1947ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ನೆಲೆಗೊಂಡ ಯೀವೋ ಸಂಸ್ಥೆಗೆ ಸೇರಿತು. ಹೂತದ್ದರಲ್ಲಿಯೂ ಒಂದು ಭಾಗ ಉಳಿಯಿತು. ಇಬ್ಬರ ಮಾತೂ ಅರ್ಧರ್ಧ ನಿಜವಾಯಿತು. ಅಂದು ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ನಿರ್ಧಾರ ಮಾಡಬೇಕಾಯಿತು.

ಕೇರಿಯ ಹೊರಗಿನ ಗ್ರಂಥಪಾಲರು ಏನು ಮಾಡಿದರು? ವಿಲ್ನಿಯಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓನಾ ಶಿಮೈತೆ ಎಂಬ ಲಿಥುವೇನಿಯನ್ ಮಹಿಳೆ ಕೆಲಸ ಮಾಡುತ್ತಿದ್ದರು. 1894ರಲ್ಲಿ ಹುಟ್ಟಿದವರು, ಯೆಹೂದ್ಯರಲ್ಲ. ಕೇರಿಗೆ ಹೋಗಲು ಹೊರಗಿನವರಿಗೆ ಅಪ್ಪಣೆ ಇರಲಿಲ್ಲ. ಅವರು ಜರ್ಮನ್ ಅಧಿಕಾರಿಗಳಿಗೆ ಹೇಳಿದ್ದು ಇಷ್ಟೇ: ನಮ್ಮ ಯೆಹೂದ್ಯ ವಿದ್ಯಾರ್ಥಿಗಳು ಗ್ರಂಥಾಲಯದ ಪುಸ್ತಕ ಒಯ್ದವರು ತಿರುಗಿ ಕೊಟ್ಟಿಲ್ಲ, ವಸೂಲು ಮಾಡಬೇಕು. ಅಧಿಕಾರಿಗಳಿಗೆ ಇದು ಸರಿಯೆಂದು ಕಂಡಿತು! ಮನುಷ್ಯರನ್ನು ಕೊಲ್ಲುವುದಕ್ಕೆ ಹಿಂಜರಿಯದ ಸರ್ಕಾರಕ್ಕೆ ಬಾಕಿ ಪುಸ್ತಕದ ವಸೂಲಿ ನ್ಯಾಯವಾಗಿ ತೋರಿತು. ಚೀಟಿ ಸಿಕ್ಕಿತು. ಒಳಹೋಗುವಾಗ ಆಹಾರ, ಸುಳ್ಳು ಗುರುತಿನ ಕಾಗದ, ಪತ್ರಗಳನ್ನು ಒಯ್ದರು. ಹೊರಬರುವಾಗ ಹಸ್ತಪ್ರತಿಗಳನ್ನು ತಂದು ಬಚ್ಚಿಟ್ಟರು. ಮಕ್ಕಳನ್ನು ಹೊರಗೆ ಸಾಗಿಸಲೂ ನೆರವಾದರು.

1944ರಲ್ಲಿ ಅವರು ಸಿಕ್ಕಿಬಿದ್ದರು. ಚಿತ್ರಹಿಂಸೆ ಕೊಟ್ಟರು, ಮರಣದಂಡನೆ ವಿಧಿಸಿದರು. ವಿಶ್ವವಿದ್ಯಾಲಯದವರು ಹಣ ಕೂಡಿಸಿ ಲಂಚ ಕೊಟ್ಟದ್ದರಿಂದ ಪ್ರಾಣ ಉಳಿದು ದಾಖೌ ಸೆರೆಶಿಬಿರಕ್ಕೂ ಅಲ್ಲಿಂದ ಫ್ರಾನ್ಸಿನ ಶಿಬಿರಕ್ಕೂ ಹೋದರು. ಯುದ್ಧದ ನಂತರ ಫ್ರಾನ್ಸಿನಲ್ಲೇ ಉಳಿದು 1970ರಲ್ಲಿ ತೀರಿಕೊಂಡರು.

ಪ್ಯಾರಿಸಿನಲ್ಲೂ ಇಂಥವರಿದ್ದರು. ಅಲ್ಲಿನ ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಗ್ರಂಥಪಾಲೆ ಇವಾನ್ ಒದ್ದೊಂ. 1940ರಲ್ಲಿ ಜರ್ಮನರು ಬಂದ ಕೂಡಲೆ ಅವರೂ ಅವರ ಸಹೋದ್ಯೋಗಿಗಳಾದ ಬೋರಿಸ್ ವಿಲ್ದೆ, ಅನತೋಲ್ ಲೆವಿಟ್ಸ್ಕಿ ಎಂಬವರೂ ಗುಪ್ತ ಸಂಘಟನೆ ಕಟ್ಟಿದರು. ಸೆರೆಯಿಂದ ತಪ್ಪಿಸಿಕೊಂಡವರನ್ನು ದಾಟಿಸಿದರು. ಡಿಸೆಂಬರ್ 15ರಂದು ಒಂದು ಪತ್ರಿಕೆ ಹೊರಡಿಸಿದರು. ಅದರ ಹೆಸರು ‘ರೆಸಿಸ್ತಾನ್ಸ್’, ಎಂದರೆ ಪ್ರತಿರೋಧ. ಹೆಸರು ಸೂಚಿಸಿದವರು ಒದ್ದೊಂ. ಇದರ ಹಿಂದೆ ಒಂದು ಚರಿತ್ರೆ ಇದೆ. 18ನೇ ಶತಮಾನದಲ್ಲಿ ಮರೀ ದ್ಯುರಾಂ ಎಂಬ ಪ್ರಾಟೆಸ್ಟಂಟ್ ಹೆಣ್ಣುಮಗಳನ್ನು ಫ್ರಾನ್ಸಿನ ದೊರೆ ಒಂದು ಕೋಟೆಬುರುಜಿನಲ್ಲಿ 1730ರಿಂದ 38 ವರ್ಷ ಸೆರೆಯಿಟ್ಟಿದ್ದ. ಆ ಬುರುಜಿನ ಕಲ್ಲಿನಲ್ಲಿ ‘ಎದುರಿಸು’ ಎಂಬ ಒಂದೇ ಪದ ಕೆತ್ತಿದೆ. ಅವಳೇ ಕೆತ್ತಿದ್ದೆಂದು ಹೇಳುತ್ತಾರೆ. ಪ್ರಾಟೆಸ್ಟಂಟ್ ಮನೆತನದ ಗ್ರಂಥಪಾಲೆಗೆ ಆ ಹಳೆಯ ಪದ ಗೊತ್ತಿತ್ತು. ಎರಡು ಶತಮಾನದ ಮೇಲೆ ಅದನ್ನು ಕಲ್ಲಿನಿಂದ ಕಾಗದಕ್ಕೆ ತಂದರು.

1941ರ ಫೆಬ್ರುವರಿಯಲ್ಲಿ ಅವರನ್ನು ಹಿಡಿದರು. 1942ರ ಫೆಬ್ರುವರಿ 23ರಂದು ವಿಲ್ದೆ, ಲೆವಿಟ್ಸ್ಕಿ ಸೇರಿ ಏಳು ಮಂದಿಯನ್ನು ಗುಂಡಿಕ್ಕಿ ಕೊಂದರು. ಒದ್ದೊಂ ಅವರ ಮರಣದಂಡನೆ ಸೆರೆಗೆ ಇಳಿಯಿತು. ರಾವೆನ್ಸ್‌ಬ್ರುಕ್ ಶಿಬಿರ ಕಂಡು, ಬದುಕಿ ಬಂದು, ಮತ್ತೆ ಅದೇ ಗ್ರಂಥಾಲಯದ ಕೆಲಸಕ್ಕೆ ಕೂತರು.

ವಿಲ್ನಾದವರ ಕೊನೆ ಏನಾಯಿತು? 1943ರ ಸೆಪ್ಟೆಂಬರಿನಲ್ಲಿ ಕೇರಿಯನ್ನೇ ಬರಿದು ಮಾಡಿದರು. ಕವಿಗಳಿಬ್ಬರೂ ಕಾಡು ಸೇರಿ ಹೋರಾಟಗಾರರ ಜೊತೆಗೂಡಿದರು. ಕಲ್ಮನೋವಿಚ್ ಎಸ್ಟೋನಿಯಾದ ಶಿಬಿರದಲ್ಲಿ ತೀರಿಕೊಂಡರು. ಕ್ರುಕ್ ಅವರನ್ನೂ ಅಲ್ಲಿಗೇ ಒಯ್ದರು. ಅಲ್ಲಿಯೂ ಬರೆಯುವುದನ್ನು ಬಿಡಲಿಲ್ಲ. 1944ರ ಸೆಪ್ಟೆಂಬರ್ 17ರಂದು ಆರು ಜನರನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು ತಮ್ಮ ಬರಹವನ್ನು ಮಣ್ಣಿನಲ್ಲಿ ಹೂತರು. ಮರುದಿನ ಅವರನ್ನು ಕೊಂದರು. ಆ ಆರು ಜನರಲ್ಲಿ ಬದುಕುಳಿದ ಒಬ್ಬರು ಬಂದು ಅದನ್ನು ಅಗೆದು ತೆಗೆದರು. ಅವರ ದಿನಚರಿ 1961ರಲ್ಲಿ ಯಿಡ್ಡಿಷಿನಲ್ಲಿ, 2002ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

ಸಂಗಾತಿಗಳೇ, ಕಥೆ ಇಲ್ಲಿಗೆ ಮುಗಿದಿದ್ದರೆ ನಮಗೆ ಅನುಕೂಲವಾಗುತ್ತಿತ್ತು. 1944ರ ಜುಲೈಯಲ್ಲಿ ಕೆಂಪು ಸೈನ್ಯ ವಿಲ್ನಾ ಬಿಡಿಸಿತು. ಕವಿಗಳು ಬಂದು ಹೂತದ್ದನ್ನು ಅಗೆದು ಒಂದು ವಸ್ತುಸಂಗ್ರಹಾಲಯ ಮಾಡಿದರು. ಆದರೆ ಸ್ಟಾಲಿನನ ಅಧಿಕಾರಿಗಳಿಗೂ ಆ ಕಾಗದಗಳು ಬೇಡವಾಗಿದ್ದವು. ನಾಜಿಗಳು ಗಿರಣಿಗೆ ಕಳಿಸಲಾರದೆ ಬಿಟ್ಟದ್ದರಲ್ಲಿ ರಾಶಿ ರಾಶಿಯನ್ನು ಇವರು ಗಿರಣಿಗೆ ಕಳಿಸಿದರು. 1949ರಲ್ಲಿ ಸಂಗ್ರಹಾಲಯವನ್ನೂ ಮುಚ್ಚಿಸಿದರು. ಆಗ ಮತ್ತೊಬ್ಬ ಗ್ರಂಥಪಾಲ ಮುಂದೆ ಬಂದರು. ಅಂತಾನಸ್ ಉಲ್ಪಿಸ್ ಎಂಬ ಲಿಥುವೇನಿಯನ್, ಸರ್ಕಾರಿ ನೌಕರ. ಹಳೆಯ ಇಗರ್ಜಿಯೊಂದು ಅವರ ಇಲಾಖೆಯ ಪುಸ್ತಕದ ಉಗ್ರಾಣವಾಗಿತ್ತು. ಅಲ್ಲಿ ಬೇರೆ ಕಾಗದಗಳ ನಡುವೆ ಇವನ್ನು ಅಡಗಿಸಿಟ್ಟರು. ಅವು ಅಲ್ಲಿವೆ ಎಂಬುದು ಹೊರಜಗತ್ತಿಗೆ ತಿಳಿದದ್ದು 1980ರ ದಶಕದ ಕೊನೆಗೆ. 2017ರಲ್ಲೂ ಸುಮಾರು 1,70,000 ಪುಟಗಳಷ್ಟು ಹೊಸದಾಗಿ ಸಿಕ್ಕವೆಂದು ಪ್ರಕಟವಾಯಿತು.

ಬಾವುಟದ ಬಣ್ಣ ಬದಲಾಯಿತು, ಗಿರಣಿ ಬದಲಾಗಲಿಲ್ಲ. ಸಮಾಜವಾದಿಗಳಾದ ನಾವು ಇದನ್ನು ಗಟ್ಟಿಯಾಗಿ ಹೇಳಬೇಕು. ಹೇಳದಿದ್ದರೆ ನಾಜಿಗಳ ಮೇಲೆ ನಾವು ಆಡುವ ಮಾತಿಗೂ ಬೆಲೆ ಇರುವುದಿಲ್ಲ.

ಆದ್ದರಿಂದ ಇಂಥ ಕಾದಂಬರಿ ಕೈಗೆ ಬಂದಾಗ ತಾವು ಕೆಲವು ಪ್ರಶ್ನೆ ಕೇಳಿಕೊಂಡು ಓದಿ. ವೀರಳೊಬ್ಬಳೇ ಎಲ್ಲ ಮಾಡಿದಳೆಂದು ಅದು ಹೇಳುತ್ತದೆಯೆ? ನಿಜದಲ್ಲಿ ಹಲವರು ಕೂಡಿ, ವಾದ ಮಾಡಿಕೊಂಡು, ಒಬ್ಬರನ್ನೊಬ್ಬರು ನಂಬಿಕೊಂಡು ಮಾಡಿದರು. ಪುಸ್ತಕ ಉಳಿದದ್ದನ್ನೇ ಗೆಲುವೆಂದು ಅದು ಹೇಳುತ್ತದೆಯೆ? ವಿಲ್ನಾದಲ್ಲಿ ಕಾಗದದಲ್ಲಿ ಒಂದಷ್ಟು ಉಳಿಯಿತು, ಅದನ್ನು ಓದುತ್ತಿದ್ದ ಊರು ಉಳಿಯಲಿಲ್ಲ. ಪೋಲ್ ಕೂಡ ಗ್ರಂಥಪಾಲನಾಗಿದ್ದ ಎಂಬುದನ್ನು ಅದು ನೆನಪಿಸುತ್ತದೆಯೆ?

ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಪುಸ್ತಕದ ಬೀರು ಇತ್ತು. ತನಿಖೆಯ ದಿನ ಬಿಟ್ಟರೆ ಅದರ ಬೀಗ ತೆರೆಯುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಪುಸ್ತಕಗಳೆಲ್ಲ ಇದ್ದವು, ಒಂದೂ ಕಳೆದಿರಲಿಲ್ಲ, ಒಂದನ್ನೂ ಮಕ್ಕಳು ಮುಟ್ಟಿರಲಿಲ್ಲ. ಆ ಘೋರವನ್ನೂ ಈ ಆಲಸ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನನಗಿಲ್ಲ. ಆದರೆ ಪುಸ್ತಕವನ್ನು ಕಾಪಾಡುವುದು ಬೇರೆ, ಅದನ್ನು ಜನರಿಗೆ ಮುಟ್ಟಿಸುವುದು ಬೇರೆ ಎಂಬುದನ್ನು ನಾನು ಮೊದಲು ಕಂಡದ್ದು ಆ ಬೀರುವಿನ ಮುಂದೆ. ಫ್ರಾಂಕ್‌ಫರ್ಟಿನ ಸಂಸ್ಥೆಯಲ್ಲೂ ಪುಸ್ತಕಗಳು ಭದ್ರವಾಗಿದ್ದವು. ಸ್ಟ್ರಾಶುನ್ ಬೀದಿಯಲ್ಲಿ ಅವು ಕೈಯಿಂದ ಕೈಗೆ ಸವೆದು ಹರಿಯುತ್ತಿದ್ದವು. ಗ್ರಂಥಾಲಯ ಎಂಬ ಹೆಸರಿಗೆ ತಕ್ಕದ್ದು ಆ ಎರಡನೆಯದು.

ನಮ್ಮ ಈ ಪುಟ್ಟ ವಾಚನಾಲಯದ ಬೀಗದಕೈ ತಮ್ಮ ಕೈಯಲ್ಲಿದೆ. ಸಂಜೆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಿರಿ. ಬಂದವನ ಜಾತಿ, ಪಕ್ಷ ಕೇಳದೆ ಹೆಸರು ಬರೆದುಕೊಂಡು ಪುಸ್ತಕ ಕೊಡಿ. ಅವನು ಪತ್ತೇದಾರಿ ಕಥೆ ಕೇಳಿದರೆ ಅದನ್ನೇ ಕೊಡಿ, ಮುಂದಿನ ಸಲ ಇನ್ನೊಂದನ್ನೂ ಓದಿ ನೋಡೆಂದು ಕೈಗಿಡಿ. ಇದು ಸಣ್ಣ ಕೆಲಸ. ನಾನು ಹೇಳಿದ ಆ ಜನರೂ ಮಾಡುತ್ತಿದ್ದದ್ದು ಇದೇ ಸಣ್ಣ ಕೆಲಸವನ್ನು. ಅದನ್ನು ಮಾಡಿದರೆ ಕೊಲ್ಲುತ್ತೇವೆ ಎಂದವರು ಬಂದಾಗಲೂ ಅವರು ಅದನ್ನು ನಿಲ್ಲಿಸಲಿಲ್ಲ.